ಮಂಜುಳೆಯ ಇಪ್ಪತ್ತರ ಮುಖ

ಚನ್ನಗಿರಿಯಲ್ಲಿ ನಮ್ಮ ಮನೆಯ ಕೆಳಗಿನ ಮಳಿಗೆಗೆ ಈಚೆಗೆ ಒಂದು ಬ್ಯೂಟಿ ಪಾರ್ಲರ್ ಬಂದಿದೆ. ಮದುವಣಗಿತ್ತಿಯರ ಮೇಕಪ್ ಕಲಿಯಲು ನಲ್ಲೂರು, ಸೂಳೆಕೆರೆ ಕಡೆಯ ಹುಡುಗಿಯರು ಬೆಳಗಿನ ಬಸ್ಸಿಗೆ ಬರುತ್ತಾರೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿ ನನ್ನನ್ನೂ ಮಾತಿಗೆ ಎಳೆಯುತ್ತಾರೆ. ನಾನು ವಯಸ್ಸೆಲ್ಲ ನಾಟಕದವರಿಗೆ ಬಣ್ಣ ಹಚ್ಚುತ್ತಲೇ ಕಳೆದವನು ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. "ತಾತ, ಫೌಂಡೇಶನ್ ಇಲ್ದೆ ಆವಾಗ ಹೆಂಗೆ ಮಾಡ್ತಿದ್ರಿ?" ಎಂಬುದು ಅವರ ದೊಡ್ಡ ಕುತೂಹಲ. ಅನ್ನದ ಡಬ್ಬಿ ಮುಗಿಯುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ, ಬರೆದುಕೊಡುತ್ತೇನೆ ಎಂದೆ. ಬರೆಯಲು ಕುಳಿತರೆ ಬಣ್ಣದ ಡಬ್ಬಿಗಿಂತ ಮಂಜುಳೆಯೇ ಮುಂದೆ ಬಂದು ನಿಲ್ಲುತ್ತಾಳೆ. ಆದ್ದರಿಂದ ಇದು ಅವಳ ಕಥೆಯೂ ಹೌದು. ನನಗೆ ಹೊದಿಸಿದ ಶಾಲುಗಳು ಅಟ್ಟದ ಮೇಲಿವೆ, ಅವುಗಳ ವಿಷಯ ಇಲ್ಲಿ ಬೇಡ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹಳ್ಳಿಯವರೇ ನಾಟಕ ಕಲಿತು ಆಡುತ್ತಾರೆ. ಗಂಡು ಪಾತ್ರಗಳೆಲ್ಲ ಊರಿನ ರೈತರದು, ಅಂಗಡಿಯವರದು. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಪರದೆ ಒಬ್ಬರದು, ಹಾರ್ಮೋನಿಯಂ ಒಬ್ಬರದು, ಬಣ್ಣ ನನ್ನದು. ಒಂದು ತಗಡಿನ ಪೆಟ್ಟಿಗೆ, ಕನ್ನಡಿ, ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಸ್ಸಿನಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಿರುಗುವುದೇ ನನ್ನ ನೌಕರಿಯಾಗಿತ್ತು. ಕಂಡಕ್ಟರುಗಳು ನನ್ನನ್ನು ಹಜಾಮ ಎಂದುಕೊಂಡು, "ಏನ್ರೀ, ಭಾನುವಾರ ಮನೆ ಕಡೆ ಬರ್ತೀರಾ?" ಎಂದು ಕೇಳುತ್ತಿದ್ದರು.

ಕೆಲಸ ಕಲಿತದ್ದು ಹೊನ್ನಾಳಿಯ ಈರಣ್ಣ ಮೇಷ್ಟ್ರ ಹತ್ತಿರ. ಬಾಯಿ ಬಹಳ ಕೆಟ್ಟದ್ದು, ಕೈ ಮಾತ್ರ ಬಂಗಾರ. ಬಹಳ ದಿನ ಬ್ರಷ್ಷು ತೊಳೆಸಿದ ಮೇಲೆ, ಸೂಳೆಕೆರೆ ಬದಿಯ ಒಂದು ಹಳ್ಳಿಯಲ್ಲಿ ನನಗೆ ಮೊದಲ ಸಲ ಒಂದು ಮುಖ ಕೊಟ್ಟರು. ಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಗಟ್ಟಿಮುಟ್ಟಾದ ಯುವಕ. ಅವನನ್ನು ಎಪ್ಪತ್ತರ ಮುದುಕನನ್ನಾಗಿ ಮಾಡಬೇಕು. ನಾನು ಇದ್ದಬದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ, ಹಣೆಗೆ, ಕೆನ್ನೆಗೆ, ಕಣ್ಣಿನ ಸುತ್ತ ಕಾಡಿಗೆಯಲ್ಲಿ ಒಂದೊಂದೇ ಸುಕ್ಕು ಎಳೆದೆ. ಹತ್ತಿರದಿಂದ ನೋಡಿದಾಗ ನನಗೇ ಹೆಮ್ಮೆಯಾಯಿತು. ಅವನು ಕೋಲೂರಿಕೊಂಡು ರಂಗದ ಮೇಲೆ ಹೋದದ್ದೇ ತಡ, ಮುಂದೆ ಕುಳಿತವನೊಬ್ಬ, "ಏ, ಹುಲಿವೇಷ ಬಂತು ನೋಡ್ರಲೇ!" ಎಂದು ಕೂಗಿದ. ಮಗ ಸತ್ತನೆಂದು ಮುದುಕ ಅಳುವ ದೃಶ್ಯ ಅದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಈರಣ್ಣ ಮೇಷ್ಟ್ರು ಬೈಯಲಿಲ್ಲ. ಕನ್ನಡಿ ಮುಂದೆ ಕುಳಿತು ತಮ್ಮ ಮುಖಕ್ಕೇ ಬಣ್ಣ ಹಚ್ಚಿಕೊಂಡರು. ಎಡಗೆನ್ನೆಗೆ ತಮ್ಮದೇ ಮೈಬಣ್ಣವನ್ನು ಕಲಸಿ, ಎಲ್ಲೂ ಹೆಚ್ಚುಕಮ್ಮಿ ಇಲ್ಲದಂತೆ ಸವರಿದರು. ಬಲಗೆನ್ನೆಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಹತ್ತಿಯಲ್ಲಿ ಅಲ್ಲಲ್ಲಿ ಕಂದು ಒತ್ತಿದರು, ಮೂಗಿನ ಪಕ್ಕ ಸ್ವಲ್ಪ ಕೆಂಪು, ಬಾಯಿಯ ಸುತ್ತ ಬೂದು, ಕೆನ್ನೆಯ ಮೇಲೆ ಒಂದೆರಡು ಮಾಸಲು ಕಲೆ. ನನ್ನನ್ನು ಅಂಗಳದ ಆ ತುದಿಗೆ ನಿಲ್ಲಿಸಿ ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆ ತೋರಿಸಿದರು. ಮೊದಲು ಮಗ ಕಂಡ, ಆಮೇಲೆ ಅಪ್ಪ ಕಂಡ.

"ಲೇ, ಗೆರೆ ಯಾವನಿಗೆ ಕಾಣ್ತೈತೆ ಅಷ್ಟು ದೂರದಿಂದ? ಮನುಷ್ಯ ಬಣ್ಣ ನೋಡಿ ವಯಸ್ಸು ಹೇಳ್ತಾನೆ. ನೋಡೀನಿ ಅಂತ ಅವನಿಗೇ ಗೊತ್ತಿರಲ್ಲ. ಒಂದೇ ಸಮ ಐತೆ ಅಂದ್ರೆ ಎಳೇದು, ಚೆಂದ. ಒಡೆದೈತೆ ಅಂದ್ರೆ ಮುದಿ. ಮುದುಕನ್ನ ಮಾಡಾಕೆ ಬಣ್ಣ ಒಡೀಬೇಕು, ಹುಡುಗನ್ನ ಮಾಡಾಕೆ ಬಣ್ಣ ಕೂಡಿಸಬೇಕು. ಇಷ್ಟೇ ವಿದ್ಯೆ. ಉಳಿದಿದ್ದೆಲ್ಲ ಮೀಸೆ ಅಂಟಿಸೋ ಕೆಲಸ."

ಒಡೆಯುವುದು, ಕೂಡಿಸುವುದು. ನನ್ನ ಅಷ್ಟೂ ವರ್ಷಗಳ ಕೆಲಸ ಈ ಎರಡು ಮಾತಿನಲ್ಲಿ ಮುಗಿಯಿತು.

ಪಾರ್ಲರಿನ ಹುಡುಗಿಯರು ಒಂದು ಮಾತನ್ನು ತಪ್ಪು ತಿಳಿಯಬಾರದು. ಒಂದೇ ಸಮ ಎಂದರೆ ಬೆಳ್ಳಗೆ ಎಂದಲ್ಲ. ಜನ ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ಜಗಳೂರು ಕಡೆ ಕಿರಾಣಿ ಅಂಗಡಿಯವರೊಬ್ಬರು ರಾಜನ ಪಾತ್ರ ಮಾಡುತ್ತಿದ್ದರು. ಎಣ್ಣೆಗಪ್ಪು ಮೈ, ಒಂದು ಕಲೆಯಿಲ್ಲ, ಐವತ್ತು ದಾಟಿದರೂ ಮೂವತ್ತರವರಂತೆ ಕಾಣುತ್ತಿದ್ದರು. "ಮೇಷ್ಟ್ರೇ, ರಾಜ ಅಂದ್ಮೇಲೆ ಬೆಳ್ಳಗಿರ್ಬೇಕ್ರಿ, ಬಳೀರಿ" ಎಂದು ಹಟ ಹಿಡಿದರು. ಬೇಡವೆಂದರೂ ಕೇಳದೆ ನನ್ನಿಂದ ಸಫೇದ ಬಳಿಸಿಕೊಂಡರು. ಬೇಸಿಗೆಯ ಸೆಕೆಗೆ ಎರಡು ಹಾಡು ಮುಗಿಯುವುದರೊಳಗೆ ಬೆವರು ಇಳಿದು, ಬಿಳಿಯ ಕೆಳಗಿಂದ ಕಪ್ಪು ಪಟ್ಟೆಪಟ್ಟೆಯಾಗಿ ಎದ್ದಿತು. ಪಟ್ಟಾಭಿಷೇಕಕ್ಕೆ ಬರುವ ಹೊತ್ತಿಗೆ ರಾಜರು ತಮ್ಮ ಅಜ್ಜನಂತಾಗಿದ್ದರು. ಅವರ ಹೆಂಡತಿ ಪರದೆಯ ಬದಿಗೆ ಬಂದು, "ಇದ್ದ ಮುಖಾನೂ ಕೆಡಿಸಿದ್ರಲ್ರೀ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಇಂಥ ನಗುವಿನ ಪ್ರಸಂಗಗಳು ಬೇಕಾದಷ್ಟಿವೆ. ಆದರೆ ಈ ವಯಸ್ಸಿನಲ್ಲಿ ಮಧ್ಯಾಹ್ನ ಸುಮ್ಮನೆ ಕುಳಿತಾಗ ನನ್ನನ್ನು ಕಾಡುವುದು ಬೇರೆ.

ಚಂದ್ರಕಲಾ ಎಂಬ ಹೆಸರು ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ನಾಟಕ ನೋಡುವವರಿಗೆಲ್ಲ ಗೊತ್ತಿತ್ತು. ಜಗಳೂರಿನವಳು. ಮನೆಯಲ್ಲಿ ಚಂದ್ರವ್ವ. ಗಂಡ ಬೇಗ ತೀರಿಹೋಗಿದ್ದ. ಒಬ್ಬಳೇ ಮಗಳು ಮಂಜುಳಾ. ಚಂದ್ರವ್ವನ ಕಂಠ ಚೆನ್ನಾಗಿತ್ತು, ನಡಿಗೆ ಅದಕ್ಕಿಂತ ಚೆನ್ನಾಗಿತ್ತು, ಬಹಳ ವರ್ಷ ನಾಯಕಿ ಪಾತ್ರ ಅವಳದೇ. ನಲವತ್ತರ ಹತ್ತಿರ ಬಂದಾಗ ಎರಡೂ ಕೆನ್ನೆಗೆ ಬಂಗಿನ ಕಂದು ಕಲೆ ಹರಡಿತು. ಸುಕ್ಕು ಒಂದೂ ಇರಲಿಲ್ಲ, ಹಲ್ಲು ಮುತ್ತಿನ ಹಾಗೆ, ಕೂದಲು ಕಪ್ಪು. ಆದರೂ ಬಂಗು ಬಂದ ಮೇಲೆ ಬಸ್ಸಿನಲ್ಲಿ ಹುಡುಗರು "ಬರ್ರಿ ಅಜ್ಜೀ, ಕುಂತ್ಕಳ್ರಿ" ಎಂದು ಎದ್ದು ಜಾಗ ಬಿಡತೊಡಗಿದರಂತೆ. ಅದನ್ನು ಅವಳು ನಗುತ್ತಲೇ ಹೇಳಿದಳು, ಹೇಳಿ ಬೇರೆ ಕಡೆ ತಿರುಗಿದಳು. ನಾವು ಹಚ್ಚುತ್ತಿದ್ದ ಇಂಗಳೀಕದ ಕೆಂಪು, ಅರದಾಳದ ಹಳದಿಗಳೇ ಅವಳ ಮುಖವನ್ನು ಕೆಡಿಸಿದವೋ ಏನೋ, ನನಗೆ ತಿಳಿಯದು. ಆಗ ಕೇಳಿದವರೂ ಇಲ್ಲ.

ರಂಗದ ಮೇಲಿನ ಮುಖದ ಚಿಂತೆ ಅವಳಿಗಿರಲಿಲ್ಲ, ಅಲ್ಲಿ ನಾನಿದ್ದೆ. ಚಿಂತೆ ಇದ್ದದ್ದು 'ನೋಡಾಕೆ ಬರುವ' ದಿನದ್ದು. ನಮ್ಮಲ್ಲಿ ವೀಳ್ಯ ಕೊಟ್ಟು ಪಾತ್ರ ಗೊತ್ತುಮಾಡುವ ಮುಂಚೆ ಹಳ್ಳಿಯ ನಾಲ್ಕೈದು ಮುಖಂಡರು ಬಂದು ಕಲಾವಿದೆಯನ್ನು ನೋಡಿ ಹೋಗುವ ರೂಢಿ. ಹೊನ್ನಾಳಿಯಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಪಡಸಾಲೆಯಲ್ಲಿ ಚಾಪೆ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, ಹೆಣ್ಣು ತೋರಿಸಿದ ಹಾಗೆಯೇ ತೋರಿಸುತ್ತಿದ್ದರು. ಹಾಡು ಹೇಳಿಸುತ್ತಿದ್ದರು, ಕಣ್ಣು ಮಾತ್ರ ಮುಖದ ಮೇಲೆಯೇ. ಮಟಮಟ ಮಧ್ಯಾಹ್ನದ ಬೆಳಕು. ಬಣ್ಣ ಹಚ್ಚಿದ್ದು ಕಾಣಬಾರದು, ಬಂಗೂ ಕಾಣಬಾರದು.

"ಅಣ್ಣ, ಹೆಂಗಾರ ಮಾಡಿ ಒಂದೀಟು ಸಮ ಮಾಡಿಕೊಡು" ಎಂದು ಚಂದ್ರವ್ವ ನನ್ನನ್ನು ಮುಂಚಿತವಾಗಿ ಕರೆಸುತ್ತಿದ್ದಳು.

ನನ್ನ ಜೀವನದಲ್ಲಿ ನಾನು ಪಟ್ಟ ಕಷ್ಟವೆಲ್ಲ ಆ ಎರಡು ಕೆನ್ನೆಗಳ ಮೇಲೆ. ಬಂಗಿನ ಮೇಲೆ ಬಿಳಿ ಹಾಕಿದರೆ ಬೂದಿ ಬಳಿದಂತೆ ಕಾಣುತ್ತದೆ. ಮೊದಲು ಕೆಂಪು-ಹಳದಿ ಬೆರೆಸಿ ಕಲೆಯ ಮೇಲಷ್ಟೇ ತೆಳ್ಳಗೆ ಒತ್ತಬೇಕು, ಕಲೆಯ ನೀಲಿಛಾಯೆ ಸಾಯುತ್ತದೆ. ಅದರ ಮೇಲೆ ಅವಳದೇ ಮೈಬಣ್ಣ. ಕಿವಿಯ ಹಿಂದಿನ ಚರ್ಮವನ್ನು ನೋಡಿ ಆ ಬಣ್ಣ ಕಲಸಿಕೊಳ್ಳುತ್ತಿದ್ದೆ, ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ. ಮುಗಿಸಿ ಏಳುವಾಗ ನನ್ನ ಎದುರು ಇಪ್ಪತ್ತೈದರ ಹೆಣ್ಣು ಕುಳಿತಿರುತ್ತಿದ್ದಳು. ಬಂದವರು ವೀಳ್ಯ ಇಟ್ಟು ಹೋಗುತ್ತಿದ್ದರು. ಹೀಗೆ ಹಲವು ವರ್ಷ ನಡೆಯಿತು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನೋಡುತ್ತ ಮಂಜುಳಾ ದೊಡ್ಡವಳಾದಳು.

ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಅಲ್ಲೊಂದು ದೊಡ್ಡ ನಾಟಕ. ಸುತ್ತಲ ಹಳ್ಳಿಗಳಿಂದೆಲ್ಲ ಜನ ಬರುತ್ತಾರೆಂದು ವಾರದಿಂದ ಮೈಕಿನಲ್ಲಿ ಸಾರಿದ್ದರು. ಸಂಜೆ ನಾನು ಪೆಟ್ಟಿಗೆ ತೆರೆಯುವಷ್ಟರಲ್ಲಿ ಸುದ್ದಿ ಬಂತು, ನಾಯಕಿಯ ತಾಯಿಯ ಪಾತ್ರದವಳಿಗೆ ಜ್ವರ, ಬರುವುದಿಲ್ಲ. ಸೀರೆ ಮಡಿಸುತ್ತ ಕುಳಿತಿದ್ದ ಮಂಜುಳೆಯ ಕಡೆ ಹಾರ್ಮೋನಿಯಂ ಮೇಷ್ಟ್ರು ನೋಡಿದರು. ಅವಳಿಗೆ ಆಗ ಇಪ್ಪತ್ತು. ನಾಟಕದ ಮಾತುಗಳೆಲ್ಲ ಅವಳಿಗೆ ಬಾಯಿಪಾಠ ಎಂಬುದು ಎಲ್ಲರಿಗೂ ಗೊತ್ತು.

"ಮಾಡ್ತೀನ್ರಿ. ಆದ್ರೆ ಅವ್ವ ತಾಯಿ ಪಾತ್ರ ಮಾಡ್ಲಿ, ನಾನು ನಾಯಕಿ ಮಾಡ್ತೀನಿ. ಅದರ ಮಾತೂ ಬರ್ತವೆ ನನಗೆ" ಎಂದಳು ಮಂಜುಳಾ. ಮೆಲ್ಲಗೆ ಹೇಳಿದಳು, ಆದರೆ ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು ಎಂದು ಗೊತ್ತಾಗುತ್ತಿತ್ತು.

ಊರಿನ ಮುಖಂಡ ಕೈಯಾಡಿಸಿದ. "ಆಗಲ್ಲಮ್ಮ. ಪಾಂಪ್ಲೆಟಿನಾಗೆ ಚಂದ್ರಕಲಾ ನಾಯಕಿ ಅಂತ ಹಾಕ್ಸೀವಿ. ಜನ ಸುಮ್ನೆ ಬಿಡ್ತಾರಾ?"

ಚಂದ್ರವ್ವ ಸೆರಗು ಸುತ್ತಿಕೊಂಡು ಕನ್ನಡಿಯ ಮುಂದೆ ಬಂದಳು. ಮಗಳ ಕಡೆ ನೋಡಲಿಲ್ಲ. ನಾನು ಮೊದಲು ತಾಯಿಯನ್ನು ಕೂರಿಸಿಕೊಂಡು ಬಣ್ಣ ಕೂಡಿಸಿದೆ. ಆಮೇಲೆ ಮಗಳನ್ನು ಕೂರಿಸಿಕೊಂಡು ಬಣ್ಣ ಒಡೆದೆ.

ಆ ಮುಖವನ್ನು ಒಡೆಯುವಾಗ ನನಗೆ ಹಬ್ಬದಂತಿತ್ತು, ಸುಳ್ಳೇಕೆ ಹೇಳಲಿ. ಅಷ್ಟು ಸಮನಾದ ಚರ್ಮ ಸಿಗುವುದು ಅಪರೂಪ, ಅದನ್ನು ಮುದಿಯಾಗಿಸಿದರೆ ಕೆಲಸಗಾರನ ಕೈ ಗೊತ್ತಾಗುತ್ತದೆ. ಕೆನ್ನೆಯ ಎಲುಬಿನ ಕೆಳಗೆ ಕಂದು, ಹುಬ್ಬಿನ ಮೇಲೆ ಮಾಸಲು, ಗದ್ದದ ಎರಡೂ ಬದಿಗೆ ಬೂದು, ಎಡಗೆನ್ನೆಗೆ ಸ್ವಲ್ಪ ಹೆಚ್ಚು ಬಂಗು. ಕತ್ತನ್ನೂ ಮುಂಗೈಯನ್ನೂ ಬಿಡಲಿಲ್ಲ. ಮಂಜುಳಾ ಕನ್ನಡಿ ನೋಡಿ ಒಮ್ಮೆ ನಕ್ಕಳು. ಆಮೇಲೆ ಕೇಳಿದಳು, "ಬಣ್ಣದ ಮಾವ, ಇದು ತೊಳೆದ್ರೆ ಹೋಗ್ತೈತಲ್ಲ?"

"ಹೋಗದೇ ಏನು, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ರೆ ಆಯ್ತು" ಎಂದೆ.

ಕಳೆದುಹೋದ ಮಗಳನ್ನು ತಾಯಿ ಕಂಡುಕೊಳ್ಳುವ ದೃಶ್ಯದಲ್ಲಿ ಇಪ್ಪತ್ತರ ಮಂಜುಳಾ ತನ್ನ ಹೆತ್ತವ್ವನನ್ನು ತಬ್ಬಿ "ಮಗಳೇ" ಎಂದು ಕೂಗಿದಾಗ ಗಂಡಸರು ಕೂಡ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಾನು ಪರದೆಯ ಪಕ್ಕ ನಿಂತು ಹಿಗ್ಗಿದೆ. ಒಬ್ಬರಿಗೂ ಗುಟ್ಟು ಗೊತ್ತಾಗಲಿಲ್ಲ. ಈರಣ್ಣ ಮೇಷ್ಟ್ರು ಬದುಕಿದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಅಲ್ಲಿಂದ ಮುಂದೆ ಮಂಜುಳೆಗೆ ಕರೆ ಮೇಲೆ ಕರೆ. ಎಲ್ಲವೂ ತಾಯಿ ಪಾತ್ರಕ್ಕೆ. "ನ್ಯಾಮತಿಯಾಗೆ ಅಳಿಸಿದ ಆ ಅವ್ವ" ಎಂದೇ ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿ ಕಳಿಸುತ್ತಿದ್ದರು, ತಾಯಿ ಪಾತ್ರದವಳನ್ನು ಬಂದು ನೋಡುವ ರೂಢಿಯಿಲ್ಲ. ಪ್ರತಿ ನಾಟಕದಲ್ಲೂ ನಾನು ಒಡೆಯುತ್ತಿದ್ದೆ, ಅವಳು ಒರೆಸಿಕೊಳ್ಳುತ್ತಿದ್ದಳು. ನಗುವುದನ್ನು ಬಿಟ್ಟಿದ್ದಳು. ಒಂದು ದಿನ ಎಣ್ಣೆ ಹಚ್ಚಿಕೊಳ್ಳುತ್ತ, "ಮಾವ, ಒಂದೇ ಒಂದು ಸಲ ನಾಯಕಿ ಆಗಬೇಕ್ರಿ. ಆಮೇಲೆ ಬೇಕಾದ್ರೆ ಸಾಯೋ ತನಕ ಮುದುಕೀನೇ ಮಾಡ್ತೀನಿ" ಎಂದಳು. ಚಂದ್ರವ್ವ ಅಲ್ಲೇ ಹೂವು ಕಟ್ಟುತ್ತಿದ್ದಳು. ಅವಳ ಕೈ ನಿಂತಿತು.

ಮುಂದಿನ ಸುಗ್ಗಿಯ ಹೊತ್ತಿಗೆ ಹೊನ್ನಾಳಿಯ ಪಡಸಾಲೆಯಲ್ಲಿ ಮತ್ತೆ 'ನೋಡಾಕೆ ಬರುವ' ದಿನ. ನಾನು ಎಂದಿನಂತೆ ಬೇಗ ಹೋಗಿ ಪೆಟ್ಟಿಗೆ ಬಿಚ್ಚಿದೆ. ಚಂದ್ರವ್ವ ನನ್ನ ಕೈ ಹಿಡಿದಳು.

"ಇವತ್ತು ಹಚ್ಚಬ್ಯಾಡ ಅಣ್ಣ."

"ಯಾಕವ್ವ? ಬರೋರು ದೊಡ್ಡ ಊರಿನೋರು."

"ಅದಕ್ಕೇ ಬ್ಯಾಡ. ನಾನು ಹೆಂಗದೀನೋ ಹಂಗೇ ನೋಡ್ಲಿ. ನಾನು ಹಿಂದೆ ಸರಿದ್ರೆ ತಾನೇ ಆಕಿ ಮುಂದೆ ಬರಾಕೆ ಆಗೋದು?"

ಇದ್ದ ಒಂದೇ ಅನ್ನದ ದಾರಿಯನ್ನು ಅವಳು ಮಗಳಿಗೆ ಬಿಟ್ಟುಕೊಡುತ್ತಿದ್ದಳು. ಸೋಪು ಹಚ್ಚಿ ಮುಖ ತೊಳೆದುಕೊಂಡು ಬಂದು ಕಿಟಕಿಯ ಬೆಳಕಿಗೇ ಎದುರಾಗಿ ಕುಳಿತಳು. ಪಕ್ಕದಲ್ಲಿ ಮಂಜುಳೆಯನ್ನು ಕೂರಿಸಿಕೊಂಡಳು. ಮಂಜುಳೆಯ ಮುಖಕ್ಕೆ ನಾನು ಬೆರಳು ಕೂಡ ತಾಗಿಸಲಿಲ್ಲ, ಅದಕ್ಕೇನೂ ಬೇಕಿರಲಿಲ್ಲ.

ಬಂದವರು ಚಾಪೆಯ ಮೇಲೆ ಕುಳಿತರು. ಮುಖಂಡರು ಆಚೀಚೆ ನೋಡಿ, "ಚಂದ್ರಕಲಾ ಇನ್ನೂ ಬಂದಿಲ್ಲೇನ್ರಿ?" ಎಂದರು.

"ನಾನೇ ಚಂದ್ರಕಲಾ" ಎಂದಳು ಚಂದ್ರವ್ವ.

ಮುಖಂಡರು ಮುಂದೆ ಬಾಗಿ ಅವಳ ಕೆನ್ನೆಗಳನ್ನು ನೋಡಿದರು. ಹೋದ ವರ್ಷ ಇದೇ ಜನ ಇದೇ ಚಾಪೆಯ ಮೇಲೆ ಕುಳಿತು ಅವಳಿಗೆ ವೀಳ್ಯ ಕೊಟ್ಟಿದ್ದರು. ಅವಳು ಬಂಗಿನ ಮೇಲೆ ಬೆರಳಾಡಿಸಿ ತಾನೇ ಹೇಳಿದಳು. "ನನಗೆ ವಯಸ್ಸಾತ್ರಿ. ಇಷ್ಟು ದಿನ ನಮ್ಮ ಅಣ್ಣಾರು ಬಣ್ಣದಾಗೆ ಮುಚ್ಚಿಟ್ಟಿದ್ರು. ನಾಯಕಿ ಪಾತ್ರಕ್ಕೆ ನನ್ನ ಮಗಳದಾಳೆ ನೋಡ್ರಿ. ಹಾಡ್ತಾಳೆ, ಮಾತು ಬರ್ತವೆ."

ಅವರು ಮಂಜುಳೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮುಖಂಡರ ಮೀಸೆಯಡಿ ನಗು ಬಂತು. "ಈಯಮ್ಮ ನ್ಯಾಮತಿಯಾಗೆ ತಾಯಿ ಪಾತ್ರ ಮಾಡಿದೋರಲ್ಲೇನ್ರಿ? ನಾನೇ ಮುಂದೆ ಕುಂತು ನೋಡೀನಿ. ಐವತ್ತು ಆಗೈತೆ ಆಕಿಗೆ. ಇವತ್ತು ಇಪ್ಪತ್ತರ ಹುಡುಗಿ ಮಾಡಿ ಕುಂದ್ರಿಸೀರಿ. ಮೇಷ್ಟ್ರೇ, ನಿಮ್ಮ ಕೈಚಳಕ ನಮಗೆ ಗೊತ್ತಿಲ್ವಾ? ತಾಯಿ ಮಗಳು ಅಂತ ಬೇರೆ ಹೇಳ್ತೀರಲ್ಲ!"

ಎಲ್ಲರೂ ನಕ್ಕರು. ಕೆಟ್ಟ ಜನವಲ್ಲ ಅವರು. ಒಂದು ಮುಖದ ಬಣ್ಣ ಸುಳ್ಳೆಂದು ಆಗಷ್ಟೇ ಕಣ್ಣಾರೆ ಕಂಡಿದ್ದರು, ಇನ್ನೊಂದು ನಿಜವೆಂದು ಹೇಗೆ ನಂಬುತ್ತಾರೆ?

"ದೇವರಾಣೆ, ಆಕೆ ಮುಖಕ್ಕೆ ನಾನು ಏನೂ ಹಚ್ಚಿಲ್ರಿ" ಎಂದೆ. ನನ್ನ ಧ್ವನಿ ನನಗೇ ಸುಳ್ಳುಗಾರನ ಧ್ವನಿಯಂತೆ ಕೇಳಿಸಿತು. ತೆರೆದ ಪೆಟ್ಟಿಗೆ ಪಕ್ಕದಲ್ಲೇ ಇತ್ತು.

ಚಂದ್ರವ್ವನ ಮುಖ ಸಣ್ಣದಾಯಿತು. "ಮಂಜೂ, ಎದ್ದು ಹೋಗಿ ಮುಖ ತೊಳ್ಕೊಂಡು ಬಾರವ್ವ. ಇವರ ಮುಂದೇನೇ ಟವೆಲ್ಲಿನಾಗೆ ಒರೆಸ್ಕೊ. ಅವರೇ ನೋಡ್ಲಿ" ಎಂದಳು.

ಮಂಜುಳಾ ಎದ್ದಳು. ಬಚ್ಚಲ ಕಡೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು, "ನನ್ನ ಮುಖ ನಂದು ಅಂತ ತೋರ್ಸಾಕೆ ನಾನು ತೊಳ್ಕೊಂಡು ಬರಬೇಕೇನವ್ವ?" ಎಂದಳು. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಬಂದವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಾಯಕಿಯನ್ನು ಬೇರೆ ಕಡೆ ನೋಡಿಕೊಳ್ಳುತ್ತೇವೆ, ತಾಯಿ ಪಾತ್ರಕ್ಕೆ ಮಾತ್ರ ಆ ಹುಡುಗಿಯೇ ಇರಲಿ ಎಂದರು. "ಆ ಹುಡುಗಿ" ಎಂದೇ ಅಂದರು, ಅದನ್ನು ಹೇಳಿದವರಿಗೂ ವಿಚಿತ್ರ ಅನ್ನಿಸಲಿಲ್ಲ. ಚಂದ್ರವ್ವನಿಗೆ ಅವರ ನಾಟಕದಲ್ಲಿ ಯಾವ ಪಾತ್ರವೂ ಇರಲಿಲ್ಲ. ಬಂಗು ಮುಖದ ಸುದ್ದಿ ಊರೂರಿಗೆ ಹಬ್ಬಿತು. ಅವಳನ್ನು ಮತ್ತೆ ಯಾರೂ ನೋಡಲು ಬರಲಿಲ್ಲ. ಜಗಳೂರಿನಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿ ಇಟ್ಟಳು. ಮಂಜುಳಾ ಹೊಟ್ಟೆಪಾಡಿಗಾಗಿ ಇನ್ನು ಕೆಲವು ವರ್ಷ ತಾಯಿಯಾಗಿ, ಅತ್ತೆಯಾಗಿ, ಕುರುಡಿ ಅಜ್ಜಿಯಾಗಿ ರಂಗಕ್ಕೆ ಬಂದಳು. ಮದುವೆಯಾದ ಮೇಲೆ ಬಿಟ್ಟಳು. ನಾಯಕಿ ಆಗಲೇ ಇಲ್ಲ.

ಆಮೇಲೆ ಕೆಲಸದ ರೀತಿಯೂ ಬದಲಾಯಿತು. ಅರದಾಳ ಅರೆಯುವುದು ಹೋಗಿ, ಅಂಗಡಿಯಲ್ಲಿ ಸಿಗುವ ಸಿದ್ಧ ಬಣ್ಣ ಪ್ಯಾನ್‌ಕೇಕ್ ಬಂತು. ಎಲ್‌ಇಡಿ ದೀಪಗಳು ಬಂದ ಮೇಲೆ ನಮ್ಮ ದಪ್ಪ ಬಣ್ಣಗಳು ಗೋಡೆಗೆ ಬಳಿದಂತೆ ಕಾಣತೊಡಗಿದವು. ಮೊಬೈಲ್ ಬಂದ ಮೇಲೆ ನಾಟಕ ಮುಗಿಯುವ ಮುನ್ನವೇ ನನ್ನ ತಪ್ಪುಗಳು ಊರೆಲ್ಲ ತಿರುಗುತ್ತಿದ್ದವು. ಕೈ ನಡುಗಲು ಶುರುವಾದಾಗ ಪೆಟ್ಟಿಗೆ ಮುಚ್ಚಿದೆ. ಈಗ ಪಾರ್ಲರಿನ ಹುಡುಗಿಯರು ಫೋನಿನಲ್ಲಿ ಬೆರಳಾಡಿಸಿ ನನ್ನದೇ ಫೋಟೋದ ಬಣ್ಣ ಕೂಡಿಸಿ ತೋರಿಸುತ್ತಾರೆ, "ನೋಡು ತಾತ, ಹೀರೋ ಆದೆ!" ಎನ್ನುತ್ತಾರೆ. ಕಲೆ ಹೋಗಿದೆ, ಸುಕ್ಕು ಹಾಗೇ ಇದೆ, ಆದರೂ ನಾನು ನಲವತ್ತರವನಂತೆ ಕಾಣುತ್ತೇನೆ. ಈರಣ್ಣ ಮೇಷ್ಟ್ರು ಹೇಳಿದ್ದನ್ನೇ ಆ ಫೋನೂ ಎಲ್ಲಿಂದಲೋ ಕಲಿತುಕೊಂಡಿದೆ.

ಮೊನ್ನೆ ಮಾಘದಲ್ಲಿ ಮಂಜುಳೆಯ ಮಗಳು ಕಾವ್ಯಳ ಮದುವೆ. ಜಗಳೂರಿನ ಕಲ್ಯಾಣ ಮಂಟಪ. ಚಂದ್ರವ್ವ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ನನ್ನನ್ನು ಕರೆಯಲು ಮಂಜುಳೆಯೇ ಚನ್ನಗಿರಿಗೆ ಬಂದಿದ್ದಳು, ತಪ್ಪಿಸಲಾಗಲಿಲ್ಲ. ಹಿಂದಿನ ಸಂಜೆಯೇ ಹೋದೆ. ಬೆಳಿಗ್ಗೆ ಹೆಣ್ಣಿನ ಕೋಣೆಯಲ್ಲಿ ಪಾರ್ಲರಿನವಳು ಕಾವ್ಯಳ ಅಲಂಕಾರ ಮುಗಿಸಿದಳು. ಒಳ್ಳೆಯ ಕೈ, ಮೈಬಣ್ಣ ಬಿಟ್ಟು ಬೇರೇನೂ ಬಳಿದಿರಲಿಲ್ಲ. ಕಾವ್ಯ ಫೋಟೋ ತೆಗೆಸಿಕೊಳ್ಳಲು ಅಂಗಳಕ್ಕೆ ಹೋದಳು, ಜೊತೆಗೆ ಎಲ್ಲರೂ ಹೋದರು. ಮಂಜುಳಾ ನನ್ನನ್ನು ಒಳಗೆ ಕರೆದಳು.

ನಲವತ್ತೈದು ದಾಟಿದ್ದಾಳೆ ಈಗ. ಎರಡೂ ಕೆನ್ನೆಗೆ ಬಂಗು. ಎಡಗೆನ್ನೆಗೆ ಸ್ವಲ್ಪ ಹೆಚ್ಚು.

"ಮಾವ, ಒಂದು ಕೆಲಸ ಮಾಡಿಕೊಡ್ರಿ" ಎಂದಳು. "ಕಾವ್ಯ ಹೋದ ತಿಂಗಳಿಂದ ಕೇಳ್ತಾಳೆ, ಅಮ್ಮಾ ನೀನು ನನ್ನ ವಯಸ್ಸಿನಾಗೆ ಹೆಂಗಿದ್ದೆ, ಒಂದು ಫೋಟೋ ತೋರ್ಸು ಅಂತ. ನನ್ನ ಹತ್ರ ಇರೋ ಫೋಟೋ ಎಲ್ಲಾ ನಾಟಕದವು ಮಾವ. ಎಲ್ಲಾದ್ರಾಗೂ ಮುದುಕಿ. ಮದುವೆ ಫೋಟೋ ಅಂದ್ರೆ ಸಾಮೂಹಿಕ ಮದುವೇದು, ಸಾಲಿನಾಗೆ ನಿಲ್ಸಿ ತೆಗೆದಿದ್ದು, ಬಾಸಿಂಗದ ಕೆಳಗೆ ಮುಖಾನೇ ಕಾಣಲ್ಲ. ನಾನು ಇಪ್ಪತ್ತು ವರ್ಷದಾಕಿ ಆಗಿದ್ದೆ ಅಂತ ಎಲ್ಲೂ ಇಲ್ಲ." ಸ್ವಲ್ಪ ನಕ್ಕಳು. "ಮುದುಕಿ ಮಾಡಿದೋರು ನೀವು. ಇವತ್ತೊಂದು ದಿನ ಹುಡುಗಿ ಮಾಡ್ರಿ. ಒಂದು ಫೋಟೋ ತೆಗೆಸ್ಕೊಂತೀನಿ, ಆಮೇಲೆ ಒರೆಸಿಬಿಡ್ತೀನಿ."

ಪಾರ್ಲರಿನವಳ ಡಬ್ಬಿಗಳನ್ನೇ ತೆಗೆದುಕೊಂಡೆ. ಕೈ ನಡುಗುತ್ತಿತ್ತು, ಮೊಣಕೈಯನ್ನು ಮೇಜಿಗೆ ಊರಿ ಶುರುಮಾಡಿದೆ. ಕಲೆಯ ಮೇಲೆ ಕೆಂಪು-ಹಳದಿ. ಕಿವಿಯ ಹಿಂದೆ ನೋಡಿ ಮೈಬಣ್ಣ. ಬಣ್ಣ ಕೂಡುತ್ತ ಬಂದಂತೆ ಕೈಗೆ ಹಳೆಯ ಅಭ್ಯಾಸ ಮರಳಿತು, ನಡುಕವೂ ಕಡಿಮೆಯಾಯಿತು. ಹುಬ್ಬಿಗೆ ಎಷ್ಟು, ತುಟಿಗೆ ಎಷ್ಟು, ಕಣ್ಣಿನ ಕೊನೆಯನ್ನು ಎಲ್ಲಿ ಎಳೆಯಬೇಕು ಎಂದು ಕೈಯೇ ಬಲ್ಲಂತೆ ನಡೆಯಿತು. ಮುಗಿಸಿ ಹಿಂದೆ ಸರಿದೆ. ಚೆನ್ನಾಗಿ ಬಂದಿತ್ತು. ಇಪ್ಪತ್ತೈದರ ಒಳಗಿನ ಹೆಣ್ಣು.

ಅಷ್ಟರಲ್ಲಿ ಕಾವ್ಯ ಸೆರಗು ಎತ್ತಿಕೊಂಡು ಒಳಗೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಅಮ್ಮಾ! ಥೇಟ್ ಚಂದ್ರಜ್ಜಿ! ಮನೆ ಗೋಡೆ ಮೇಲಿರೋ ಅಜ್ಜಿ ಫೋಟೋನೇ ಎದ್ದು ಬಂದಂಗೈತಲ್ಲ!"

ನಾನು ಕನ್ನಡಿಯಲ್ಲಿ ನೋಡಿದೆ. ಹೌದು. ಅದು ಹೊನ್ನಾಳಿಯ ಪಡಸಾಲೆಯಲ್ಲಿ ನಾನು ಎಷ್ಟೋ ಸಲ ಮಾಡಿದ ಚಂದ್ರಕಲಾಳ ಮುಖ. ಅದೇ ಹುಬ್ಬು, ಅದೇ ಕಣ್ಣಿನ ಕೊನೆ. ನನ್ನ ಕೈಗೆ ಕೂಡಿಸಲು ಗೊತ್ತಿದ್ದದ್ದು ಅದೊಂದೇ ಮುಖ. ಮಂಜುಳೆಯ ಇಪ್ಪತ್ತರ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಅಲ್ಲೇ ನಿಂತು ಒದ್ದಾಡಿದೆ. ಕಂದು ಎಲ್ಲಿ ಒತ್ತಿದ್ದೆ ಎಂಬುದು ನೆನಪಿದೆ, ಬೂದು ಎಲ್ಲಿ ಹಾಕಿದ್ದೆ ಎಂಬುದು ನೆನಪಿದೆ. ಅದರ ಕೆಳಗೆ ಇದ್ದ ಹುಡುಗಿ ನೆನಪಿಲ್ಲ. ಒಂದು ಗೇಣು ದೂರದಲ್ಲಿ ಕುಳಿತು, ಎಷ್ಟೋ ಸಂಜೆ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಎಲ್ಲಿ ಒಡೆಯಬೇಕೆಂದಷ್ಟೇ ನೋಡಿದ್ದೆ.

ಮಂಜುಳಾ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

"ಮಂಜೂ, ನನಗೆ ಆಗಲಿಲ್ಲವ್ವ" ಎಂದೆ. ನನ್ನ ಕಣ್ಣು ತುಂಬಿತ್ತು.

"ಇರ್ಲಿ ಬಿಡ್ರಿ ಮಾವ" ಎಂದಳು. "ಅವ್ವನೂ ಮದುವೆಗೆ ಬಂದಂಗಾತು." ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಫೋಟೋ ತೆಗೆಸಿಕೊಳ್ಳದೆಯೇ ಮುಖಕ್ಕೆಲ್ಲ ತಿಕ್ಕಿ ಒರೆಸತೊಡಗಿದಳು. ಕೆನ್ನೆಯ ಮೇಲೆ ಬಂಗು ಮೆಲ್ಲಗೆ ಎದ್ದು ಬಂತು.

ಹೊರಗೆ ಧಾರೆಗೆ ಹೊತ್ತಾಗುತ್ತಿತ್ತು. ಬಾಗಿಲಲ್ಲಿ ಬೀಗರ ಕಡೆಯವರೊಬ್ಬರು ನಿಂತು, "ತಾಯಿ ಎಲ್ಲಿ? ತಾಯೀನ ಕರೀರಿ" ಎಂದು ಕೂಗಿದರು.

"ಬಂದೆ" ಎಂದು ಸೆರಗು ಸರಿಮಾಡಿಕೊಂಡು ಮಂಜುಳಾ ಹೋದಳು.